ಉರುಳಿದಾಗ ಮಾತ್ರ ಕಾಣುವ ಬಂಡಿ

ರೋಣ ತಾಲೂಕಿನ ಸವಡಿಯ ಹೆಸರು ಕೇಳಿದರೆ ಸಾಹಿತ್ಯದ ವಿದ್ಯಾರ್ಥಿಗೆ ದುರ್ಗಸಿಂಹ ನೆನಪಾಗಬೇಕು. ಕಿಸುಕಾಡು ನಾಡಿನ ಸಯ್ಯಡಿ ಅವನ ಊರು. ಅದೇ ಇಂದಿನ ಸವಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ಈತ 1031ರ ಸುಮಾರಿಗೆ ‘ಪಂಚತಂತ್ರ’ವನ್ನು ಕನ್ನಡಕ್ಕೆ ತಂದ. ಅದು ವಿಷ್ಣುಶರ್ಮನದಲ್ಲ, ವಸುಭಾಗಭಟ್ಟನ ಪರಂಪರೆಯದು ಎನ್ನುವುದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ನಾನು ಕೇಳಬೇಕೆಂದಿರುವ ಪ್ರಶ್ನೆ ಪರೀಕ್ಷೆಗೆ ಬರುವಂಥದ್ದಲ್ಲ. ಸಂಜೀವಕನ ಕತೆಯಲ್ಲಿ ಬಂಡಿಗಳು ಎಲ್ಲಿಗೆ ಹೋದವು?

ಭೇದಪ್ರಕರಣದ ಹಿಂದಿರುವುದು ಒಬ್ಬ ವರ್ತಕನ ಪಯಣ. ದಾರಿಯಲ್ಲಿ ಸಂಜೀವಕನೆಂಬ ಎತ್ತು ಕುಸಿಯುತ್ತದೆ. ಅದನ್ನು ಕಾಡಿನಲ್ಲೇ ಬಿಟ್ಟು ವರ್ತಕನ ತಂಡ ಮುಂದೆ ಹೋಗುತ್ತದೆ. ಎತ್ತು ಚೇತರಿಸಿಕೊಂಡು ಗುಟುರು ಹಾಕುತ್ತದೆ, ಸಿಂಹ ಪಿಂಗಳಕ ಬೆಚ್ಚುತ್ತಾನೆ, ನರಿಗಳ ರಾಜಕೀಯ ಶುರುವಾಗುತ್ತದೆ. ಕತೆಗೆ ಆ ಪಯಣದಿಂದ ಬೇಕಾಗಿದ್ದದ್ದು ಒಂದು ಎತ್ತಿನ ಸೋಲು ಮಾತ್ರ.

ಇದು ದುರ್ಗಸಿಂಹನೊಬ್ಬನ ರೀತಿಯಲ್ಲ. ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಗಾಡಿ ಉರುಳಿ ಹೂವಯ್ಯನಿಗೆ ಪೆಟ್ಟಾಗುತ್ತದೆ. ಅವನು ಮುತ್ತಳ್ಳಿಯಲ್ಲಿ ಉಳಿಯುವುದಕ್ಕೆ, ಸೀತೆಯ ಹತ್ತಿರ ಬರುವುದಕ್ಕೆ ಆ ಅಪಘಾತ ಬೇಕಿತ್ತು. ನಮ್ಮ ಬರಹದಲ್ಲಿ ಬಂಡಿ ಕಣ್ಣಿಗೆ ಬೀಳುವುದು ಅದು ಕೆಟ್ಟಾಗ. ನೆಟ್ಟಗೆ ಓಡುವಾಗ ಅದು ಹಾದಿಯಷ್ಟೇ ಅದೃಶ್ಯ, ಕಟ್ಟಿದವನಂತೂ ಇನ್ನೂ ಅದೃಶ್ಯ. ‘ಸಾರ್ಥ’ (1998) ಕಾದಂಬರಿಯ ಹೆಸರೇ ವರ್ತಕರ ತಂಡ ಎಂಬ ಅರ್ಥದ್ದು. ಭೈರಪ್ಪನವರ ನಾಗಭಟ್ಟ ವ್ಯಾಪಾರದ ಗುಟ್ಟು ತಿಳಿಯಲೆಂದೇ ಸಾರ್ಥದೊಡನೆ ಹೊರಡುತ್ತಾನೆ. ಓದಿ ಮುಗಿಸಿದ ಮೇಲೆ ನನ್ನಲ್ಲಿ ಉಳಿದದ್ದು ಮತಗಳ ವಾಗ್ವಾದ, ಗಾಲಿಯ ಸಪ್ಪಳವಲ್ಲ.

ಹೊಟ್ಟೆಪಾಡಿಗೆ ಕೈಕೆಲಸ ಮಾಡುತ್ತಿದ್ದ ಒಬ್ಬನ ನೋಟ ಮಾತ್ರ ಕೊಂಚ ಬೇರೆ. ನೇಕಾರ ದೇವರ ದಾಸಿಮಯ್ಯನ ಪ್ರಸಿದ್ಧ ವಚನವೊಂದು ಬಂಡಿಯ ಕಡೆಗೀಲನ್ನು ಹಿಡಿದು ಮಾತಾಡುತ್ತದೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಚುಚ್ಚುವ ಮೊಳೆ ಅದು. ಸೊಕ್ಕಿದ ದೇಹ ಉರುಳದಂತೆ ತಡೆಯುವುದು ಶರಣರ ಮಾತು ಎನ್ನುವುದಕ್ಕೆ ಅವನು ಆ ಮೊಳೆಯನ್ನು ಹೋಲಿಕೆಯಾಗಿ ತರುತ್ತಾನೆ. ಇಲ್ಲಿಯೂ ಬಂಡಿ ಉರುಳುವ ಭಯವಿದೆ, ನಿಜ. ಆದರೆ ಉರುಳದಂತೆ ಯಾವುದು ಹಿಡಿದಿದೆ ಎಂದು ಬಗ್ಗಿ ನೋಡಿದವನು ಅವನು. ಮಗ್ಗದಲ್ಲಿ ಕೂತವನಿಗೆ ಸಣ್ಣ ಕೀಲಿನ ಬೆಲೆ ಗೊತ್ತಿರಬೇಕು. ನಮ್ಮ ತರಗತಿಗಳಲ್ಲಿ ಈ ವಚನದ ಭಕ್ತಿಯ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಕಡೆಗೀಲನ್ನು ತಂದು ತೋರಿಸಿದ ಮೇಷ್ಟ್ರು ನನಗಂತೂ ಸಿಗಲಿಲ್ಲ.

ಹೋಲಿಕೆಗೆ ಇಂಗ್ಲೆಂಡಿನದೊಂದು ಪುಸ್ತಕ ನೋಡಬಹುದು. ನೌಕಾಪಡೆಯ ವೈದ್ಯನಾಗಿದ್ದು, ಹುಡುಗರಿಗೆ ಸಾಹಸ ಕತೆ ಬರೆಯುತ್ತಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ವ್ಯಾಗನ್ ಕಾರ್ಖಾನೆಯಿಂದ ತನಗಾಗಿ ಮನೆಯಂಥದ್ದೊಂದು ಕುದುರೆ ಗಾಡಿ ಮಾಡಿಸಿಕೊಂಡ. ಅದರ ಹೆಸರು ‘ವಾಂಡರರ್’. ವಿಹಾರಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಎಂದು ಅದನ್ನು ಕರೆಯುತ್ತಾರೆ. ಎರಡು ಕುದುರೆ ಹೂಡಿ ಸ್ಕಾಟ್ಲೆಂಡಿನವರೆಗೆ ಹೋದ, ಮರುವರ್ಷ ಪುಸ್ತಕ ಬರೆದ. ಗಾಡಿ ಇಂದಿಗೂ ಉಳಿದಿದೆ, ತಯಾರಕರ ಹೆಸರೂ ಉಳಿದಿದೆ. ಬೆರಗಾಗುವ ಮುಂಚೆ ಇದನ್ನೂ ಗಮನಿಸಬೇಕು: ಉಳಿದಿರುವುದು ಕಂಪನಿಯ ಹೆಸರು. ಮರ ಕೊಯ್ದವನ ಹೆಸರು ಅಲ್ಲಿಯೂ ಯಾರಿಗೂ ನೆನಪಿಲ್ಲ.

ನಮ್ಮ ಕಡೆ ಕಂಪನಿಯೂ ಇರಲಿಲ್ಲ. ಆದರೆ ಚಕ್ರದ ಮೇಲಿನ ಮನೆ ಇತ್ತು. ರೋಣ, ನರಗುಂದ, ಗಜೇಂದ್ರಗಡದ ಕಡೆಯವರು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಿದಿರು ಬಾಗಿಸಿ ಮೇಲೆ ಚಾಪೆ ಹೊದಿಸಿದರೆ ಅದೇ ಸೂರು. ಒಳಗೆ ಮುದುಕರು, ಕೂಸುಗಳು, ರೊಟ್ಟಿ ಬುತ್ತಿ. ಹಿಂದೆ ಕಣಿಕೆ ಹೊರೆ. ಬಂಡಿ ಬಿಟ್ಟಲ್ಲಿಯೇ ಒಲೆ ಹೂಡಿ ಅಡುಗೆ, ಅದರ ಕೆಳಗೇ ನಿದ್ದೆ. ಬನಶಂಕರಿಯಲ್ಲಾದರೆ ನಿದ್ದೆಯ ಮಾತಿಲ್ಲ, ರಾತ್ರಿಯೆಲ್ಲ ಕಂಪನಿ ನಾಟಕ. ಆ ಕಂಪನಿಗಳ ಚರಿತ್ರೆಯನ್ನು ನಾವು ಬರೆದಿದ್ದೇವೆ, ನಟರ ಆತ್ಮಕತೆಗಳಿವೆ. ಪ್ರೇಕ್ಷಕರನ್ನು ಅಲ್ಲಿಗೆ ಹೊತ್ತು ತಂದ ಬಂಡಿಯ ಚರಿತ್ರೆಗೆ ನಮ್ಮಲ್ಲಿ ಯಾರೂ ಕೈಹಾಕುವುದಿಲ್ಲ.

ಏಕೆ? ಜಾತಿ, ಅಕ್ಷರ ಎಂದು ಒಂದೇ ಉಸಿರಿಗೆ ಹೇಳಿಬಿಡಬಹುದು, ತಪ್ಪೂ ಆಗದು. ಇನ್ನೊಂದು ಕಾರಣ ಲೆಕ್ಕದಲ್ಲಿದೆ. ಬಡಿಗನೂ ಕಂಬಾರನೂ ಊರಿನ ಆಯಗಾರರು. ರಾಶಿ ಮಾಡುವಾಗ ಕಣದಲ್ಲಿ ಅವರ ಪಾಲಿನ ಜೋಳ ಅಳೆದು ಕೊಡುತ್ತಿದ್ದರು. ಒಂದು ಗಾಲಿಗೆ ಇಷ್ಟು ಎಂಬ ರಸೀದಿ ಅಲ್ಲಿಲ್ಲ. ವರ್ಷವಿಡೀ ನಡೆಯುವ ಸಂಬಂಧಕ್ಕೆ ಸಹಿ ಬೇಕಿಲ್ಲ; ಗಾಲಿ ಯಾರು ಮಾಡಿದ್ದೆಂದು ಊರಿಗೇ ಗೊತ್ತಿರುತ್ತಿತ್ತು. ಊರಿನ ಆಚೆಗೆ, ಮುಂದಿನ ತಲೆಮಾರಿಗೆ ಅದು ದಾಟಲಿಲ್ಲ.

ದಾಟಬೇಕಾಗಿದ್ದದ್ದು ಸಣ್ಣ ವಿದ್ಯೆಯೇನಲ್ಲ. ನಮ್ಮದು ಎರೆ ಸೀಮೆ. ಮಳೆಯಾದರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಅದಕ್ಕೆ ಗಟ್ಟಿ ಜಾಲಿ ಮರ, ಎತ್ತರದ ಗಾಲಿ. ಕಬ್ಬಿಣದ ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬಳೆ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಹಿಗ್ಗಿದ ಬಳೆಯನ್ನು ಇಕ್ಕಳದಲ್ಲಿ ಎತ್ತಿ ಮರದ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾರೆ. ಹೊಗೆ, ಆವಿ, ಚಟಪಟ ಸದ್ದು. ಬಳೆ ಕುಗ್ಗಿ ಕೀಲುಗಳೆಲ್ಲ ಬಿಗಿಯುತ್ತವೆ. ಬಳೆ ದೊಡ್ಡದಾದರೆ ಕಳಚುತ್ತದೆ, ತೀರ ಚಿಕ್ಕದಾದರೆ ಅರಗಳೇ ಬಾಗುತ್ತವೆ. ಅಳತೆ ಬಡಿಗನದು, ಬೆಂಕಿ ಕಂಬಾರನದು, ನಡುವೆ ಇರುವುದು ಇಬ್ಬರ ನಂಬಿಕೆ. ಇಷ್ಟು ದೊಡ್ಡ ದೃಶ್ಯವನ್ನು ಬಿಟ್ಟು ನಮ್ಮ ಕತೆಗಾರರು ಅಪಘಾತಕ್ಕಾಗಿ ಕಾದರು ಎನ್ನುವುದು ನನ್ನ ತಕರಾರು.

ನನ್ನ ಮೇಲೂ ಇದೇ ತಕರಾರು ಇದೆ. ಅಜ್ಜಿಯ ಮನೆಯ ಹಿತ್ತಲಲ್ಲಿ ಒಂಟಿ ಗಾಲಿಯೊಂದು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಕೂತು ದುರ್ಗಸಿಂಹನ ಟಿಪ್ಪಣಿ ಓದಿದ್ದೇನೆ. ಮಾಡಿದವರು ಯಾರೆಂದು ಕೇಳುವ ಹೊತ್ತಿಗೆ ಅಜ್ಜಿ ಇರಲಿಲ್ಲ.

ಈಗ ಗುಡ್ಡಕ್ಕೆ ಹೆಚ್ಚಾಗಿ ಟ್ರ್ಯಾಕ್ಟರ್‌ಗಳು ಹೋಗುತ್ತವೆ. ಟ್ರೇಲರ್‌ಗೆ ಕಬ್ಬಿಣದ ಕಮಾನು, ಅದರ ಮೇಲೆ ತಾಡಪಾಲು; ಒಳಗೆ ಅದೇ ಬುತ್ತಿ, ಅದೇ ಮುದುಕರು. ಹೋದ ವರ್ಷ ನರಗುಂದದ ರಸ್ತೆಯಲ್ಲಿ ಅಂಥದ್ದೊಂದರ ಹಿಂದೆ ಬಹಳ ಹೊತ್ತು ಬೈಕ್ ಓಡಿಸಬೇಕಾಯಿತು. ಹಿಂದಿನ ತಗಡಿನ ಮೇಲೆ ಹಳದಿ ಬಣ್ಣದ ದಪ್ಪ ಅಕ್ಷರದಲ್ಲಿ ಅದನ್ನು ಮಾಡಿದ ವರ್ಕ್‌ಶಾಪಿನ ಹೆಸರು, ಊರು, ಎರಡು ಫೋನ್ ನಂಬರು.