3.15ರ ಗೆರೆ

ಕ್ರೈಂ ಸೀರಿಯಲ್‌ಗಳಲ್ಲಿ ಕರೋನರ್ ಅಂದ್ರೆ ಹೆಣದ ಪಕ್ಕ ಗ್ಲೌಸ್ ಹಾಕ್ಕೊಂಡು ನಿಂತು ಪೊಲೀಸರಿಗೆ ಸುಳಿವು ಕೊಡೋ ಡಾಕ್ಟರು. 2022ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಬಂದ ನಾಲ್ಕು ಕಂತಿನ 'ಆ್ಯನ್' ನೋಡಿದವರಿಗೆ ಬೇರೆಯದೇ ಕರೋನರ್ ಕಾಣಿಸ್ತಾನೆ. ಇಂಗ್ಲೆಂಡಿನಲ್ಲಿ ಅವನು ಪೊಲೀಸ್ ಅಲ್ಲ, ನ್ಯಾಯಾಧೀಶನಂಥ ಸ್ವತಂತ್ರ ಅಧಿಕಾರಿ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ ಸತ್ತರು ಅನ್ನೋ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕೋದು ಅವನ ಕೆಲಸ. ನಮ್ಮಲ್ಲಿ ಈಗ ಆ ಹುದ್ದೆ ಇಲ್ಲ; ಠಾಣೆಯಲ್ಲಿ ಯುಡಿಆರ್ ದಾಖಲಾಗಿ ಸಾಮಾನ್ಯವಾಗಿ ಪೊಲೀಸರೇ ಪಂಚನಾಮೆ ಮಾಡ್ತಾರೆ.

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿಗೆ ಸಿಕ್ಕಿ ಪ್ರಾಣ ಬಿಟ್ಟ ಲಿವರ್‌ಪೂಲ್ ಅಭಿಮಾನಿಗಳ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ಅವರಲ್ಲಿ 15 ವರ್ಷದ ಕೆವಿನ್ ಒಬ್ಬ. ಆ್ಯನ್ ವಿಲಿಯಮ್ಸ್ ಅವನ ತಾಯಿ. ಕರೋನರ್ ಸ್ಟೆಫಾನ್ ಪಾಪರ್, ಮಕ್ಕಳನ್ನೂ ಬಿಡದೆ ಸತ್ತವರ ರಕ್ತದಲ್ಲಿ ಮದ್ಯ ಇದೆಯಾ ಅಂತ ಪರೀಕ್ಷೆ ಮಾಡಿಸಿದರು. ಆಮೇಲೆ ಮಧ್ಯಾಹ್ನ 3.15ಕ್ಕೆ ಒಂದು ಗೆರೆ ಎಳೆದರು. ಅಷ್ಟೊತ್ತಿಗೆ ಎಲ್ಲರಿಗೂ ಜೀವ ಹೋಗುವಂಥ ಪೆಟ್ಟು ಆಗಿಹೋಗಿತ್ತು, ನಂತರದ್ದು ಕೇಳಬೇಕಾಗಿಲ್ಲ ಅನ್ನೋದು ಅವರ ನಿಲುವು. 1991ರಲ್ಲಿ ತೀರ್ಪು ಬಂತು: ಆಕಸ್ಮಿಕ ಸಾವು. ಆದರೆ ನಾಲ್ಕು ಗಂಟೆ ಹೊತ್ತಿಗೆ ಕೆವಿನ್ 'ಮಮ್' ಅಂದ ಅಂತ, ಅವನನ್ನು ಉಳಿಸಲು ಒದ್ದಾಡಿದ ಪೊಲೀಸ್ ಮಹಿಳೆಯೊಬ್ಬರು ಹೇಳಿದ್ದರು.

ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಸರ್ವರ್ ಬಿದ್ದಾಗ '3.15ರ ನಂತರದ ಲಾಗ್ ತೆಗೀಬೇಡಿ' ಅಂದುಬಿಟ್ರೆ, ಮೂಲ ಕಾರಣ ಹುಡುಕೋ ಮೀಟಿಂಗ್ ಯಾಕೆ? ನೆರವು ಸಮಯಕ್ಕೆ ಯಾಕೆ ಸಿಗಲಿಲ್ಲ ಅನ್ನೋ ಪ್ರಶ್ನೆ ಗೆರೆಯ ಆಚೆಗೇ ಉಳೀತು.

ಆ್ಯನ್ ಪಾತ್ರದ ಮ್ಯಾಕ್ಸಿನ್ ಪೀಕ್ ಬರೀ ಅಳುವ ತಾಯಿಯಾಗಿ ಉಳಿಯಲ್ಲ. ಕೇಳಿದ್ದನ್ನೇ ಕೇಳಿ ಎದುರಿನವರಿಗೆ ತಲೆನೋವಾಗುವ ಹೆಂಗಸಾಗ್ತಾರೆ. ಸೀರಿಯಲ್‌ನ ಬಲ ಅದೇ, ಮಿತಿಯೂ ಅದೇ. ಎಲ್ಲವನ್ನೂ ಅವರ ಕಣ್ಣಿಂದಲೇ ನೋಡೋದರಿಂದ, ಪಾಪರ್ ಆ ಗೆರೆ ಯಾಕೆ ಎಳೆದರು ಅನ್ನೋದಕ್ಕೆ ಸಾಕಷ್ಟು ಜಾಗ ಸಿಕ್ಕಿಲ್ಲ ಅನ್ನೋದು ನನ್ನ ತಕರಾರು. ಅವರ ಮುಂದೆ ಪೆಥಾಲಜಿಸ್ಟ್‌ಗಳ ಅಭಿಪ್ರಾಯ ಇತ್ತು. ಕೆಟ್ಟವನೊಬ್ಬ ಸತ್ಯ ಮುಚ್ಚಿಟ್ಟ ಕತೆ ನಮಗೆ ಹೊಸದಲ್ಲ. ತಜ್ಞರ ಮಾತು ನಂಬಿದ ಅಧಿಕಾರಿ 'ಇನ್ನು ಸಾಕು' ಅಂತ ಫೈಲ್ ಮುಚ್ಚಿದಾಗಲೂ ಅಷ್ಟೇ ಅನ್ಯಾಯ ಆಗಬಹುದು ಅನ್ನೋದು ಹೆಚ್ಚು ಭಯ ಹುಟ್ಟಿಸುತ್ತೆ. ಅದನ್ನೂ ತೋರಿಸಿದ್ರೆ ಆ್ಯನ್ ಹಟಕ್ಕೆ ಇನ್ನೂ ತೂಕ ಬರ್ತಿತ್ತು.

2012ರಲ್ಲಿ ಸ್ವತಂತ್ರ ಸಮಿತಿಯೊಂದು ದಾಖಲೆಗಳನ್ನೆಲ್ಲ ಜಾಲಾಡಿತು. 41 ಮಂದಿ ಬದುಕುಳಿಯುವ ಸಾಧ್ಯತೆ ಇತ್ತು ಅನ್ನೋದು ಹೊರಬಂತು. ಅದೇ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹಳೇ ತೀರ್ಪನ್ನು ರದ್ದು ಮಾಡಿತು. 2013ರ ಏಪ್ರಿಲ್‌ನಲ್ಲಿ ಆ್ಯನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೊಸ ಕರೋನರ್ ಮುಂದೆ ಎರಡು ವರ್ಷ ವಿಚಾರಣೆ ನಡೆದು, 2016ರಲ್ಲಿ ಜ್ಯೂರಿ ಹೇಳಿತು: ಇವು ಕಾನೂನುಬಾಹಿರ ಹತ್ಯೆಗಳು, ಅಭಿಮಾನಿಗಳ ತಪ್ಪಿಲ್ಲ. ಈ ಸಲವೂ ಪ್ರಶ್ನೆಗಳು ಅವೇ ನಾಲ್ಕು. ಉತ್ತರ ಹುಡುಕೋದನ್ನ 3.15ಕ್ಕೆ ನಿಲ್ಲಿಸಲಿಲ್ಲ.