ಮೊಣಕಾಲಿನ ಮೇಲೆ ಪಣ

2021ರ ಏಪ್ರಿಲ್ 30ರ ರಾತ್ರಿ. ಕ್ಲೀವ್‌ಲ್ಯಾಂಡಿನಲ್ಲಿ ಅಮೆರಿಕನ್ ಫುಟ್ಬಾಲ್ ಲೀಗಾದ ಎನ್‌ಎಫ್‌ಎಲ್‌ಗೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ ಎರಡನೇ ಸುತ್ತು ನಡೆದಿತ್ತು. 37ನೇ ಸರದಿ ಫಿಲಡೆಲ್ಫಿಯಾ ಈಗಲ್ಸ್ ತಂಡದ್ದು. ಅವರು ಕೂಗಿದ ಹೆಸರು ಅಲಬಾಮಾ ವಿಶ್ವವಿದ್ಯಾಲಯದ ಸೆಂಟರ್ ಲ್ಯಾಂಡನ್ ಡಿಕರ್‌ಸನ್. ಆರು ಅಡಿ ಆರು ಅಂಗುಲದ ಎತ್ತರ, ನೂರೈವತ್ತು ಕಿಲೋ ಆಸುಪಾಸಿನ ಮೈಕಟ್ಟು. ಕಾಲೇಜು ಫುಟ್ಬಾಲಿನ ಅತ್ಯುತ್ತಮ ಸೆಂಟರಿಗೆ ಕೊಡುವ ರಿಮಿಂಗ್ಟನ್ ಟ್ರೋಫಿಯನ್ನು ಆ ಋತುವಿನಲ್ಲಿ ಗೆದ್ದವನು. ಹಿಂದಿನ ಡಿಸೆಂಬರಿನಲ್ಲಷ್ಟೇ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದುಕೊಂಡವನೂ ಅವನೇ. ಅದು ಮೊದಲ ಗಾಯವೂ ಅಲ್ಲ. ಅಲಬಾಮಾಕ್ಕೆ ಬರುವ ಮೊದಲು ಫ್ಲಾರಿಡಾ ಸ್ಟೇಟ್‌ನಲ್ಲಿದ್ದಾಗ 2016, 2017, 2018ರ ಮೂರೂ ಋತುಗಳು ಅವನ ಪಾಲಿಗೆ ಗಾಯದಿಂದಲೇ ಮುಗಿದಿದ್ದವು.

ಅಭಿಮಾನಿಗಳು ಅವತ್ತೇ ಎರಡು ಪಾಲಾದರು. ಗಾಯವಿಲ್ಲದಿದ್ದರೆ ಈ ಹುಡುಗ ಮೊದಲ ಸುತ್ತಿನಲ್ಲೇ ಖರ್ಚಾಗುತ್ತಿದ್ದ, ನಮಗೆ 37ರಲ್ಲಿ ಸಿಕ್ಕಿದ್ದೇ ಪುಣ್ಯ ಎಂದಿತು ಒಂದು ಪಾಳಯ. ಐದು ವರ್ಷದಲ್ಲಿ ನಾಲ್ಕು ಸಲ ಬಿದ್ದವನು ಆರನೇ ವರ್ಷ ಬೀಳದೆ ಇರುತ್ತಾನೆಯೇ ಎಂದಿತು ಇನ್ನೊಂದು. ಸಾಲದ್ದಕ್ಕೆ ತಂಡಕ್ಕೆ ತುರ್ತಾಗಿ ಬೇಕಿದ್ದವನು ಎದುರಾಳಿಯ ಚೆಂಡು ಹಿಡಿಯುವವರನ್ನು ಕಾಯುವ ಕಾರ್ನರ್‌ಬ್ಯಾಕ್. ಹಿಂದೆ ಇದೇ ಈಗಲ್ಸ್‌ಗೆ ಆ ಜಾಗದಲ್ಲಿ ಆಡಿದ ಅಸಾಂಟೆ ಸ್ಯಾಮ್ಯುಯೆಲ್‌ನ ಮಗ, ಅದೇ ಹೆಸರಿನ ಜೂನಿಯರ್, ಅದೇ ಜಾಗದ ಆಟಗಾರ, ಇನ್ನೂ ಯಾರ ಪಾಲೂ ಆಗದೆ ಉಳಿದಿದ್ದ. ಸೆಂಟರ್ ಜಾಗದಲ್ಲಿ ಜೇಸನ್ ಕೆಲ್ಸಿಯಂಥ ಘಟಾನುಘಟಿ ನಿಂತಿರುವಾಗ ಆಪರೇಷನ್ನಿನ ಹೊಲಿಗೆ ಆರದ ಇನ್ನೊಬ್ಬ ಸೆಂಟರ್ ಯಾಕಪ್ಪಾ?

ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಈ ಜಗಳದ ಕಾವು ಅರ್ಥವಾಗುತ್ತದೆ. ಮೊಣಕೈ ನೋವಿನ ಜೋಫ್ರಾ ಆರ್ಚರ್ ಆ ವರ್ಷ ಆಡುವುದಿಲ್ಲ ಎಂದು ಗೊತ್ತಿದ್ದೂ 2022ರ ಹರಾಜಿನಲ್ಲಿ ಮುಂಬೈ ಇಂಡಿಯನ್ಸ್ 8 ಕೋಟಿ ರೂಪಾಯಿ ಸುರಿದಿತ್ತು. ಮರುವರ್ಷ ಬಂದವನು ಐದೇ ಪಂದ್ಯ ಆಡಿದ. ಆದರೆ ಹರಾಜಿನಲ್ಲಿ ಸೋತದ್ದು ದುಡ್ಡು. ಡ್ರಾಫ್ಟಿನಲ್ಲಿ ಹಣದ ಕೂಗಾಟವಿಲ್ಲ, ಇರುವುದು ಸರದಿ. ಹಿಂದಿನ ವರ್ಷ ಕೊನೆಯಲ್ಲಿ ನಿಂತ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ನರಿಗೆ ಕೊನೆಯದು. ಏಳು ಸುತ್ತು, 32 ತಂಡ. ಕೈಯಲ್ಲಿರುವ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಇನ್ನೇನನ್ನಾದರೂ ತೆಗೆದುಕೊಳ್ಳಬಹುದು; ಬಳಸಿದ ಮೇಲೆ ಮುಗಿಯಿತು. ಆದ್ದರಿಂದಲೇ ಅಭಿಮಾನಿ ಹಣದ ಲೆಕ್ಕ ಹಾಕುವುದಿಲ್ಲ, ಆ ಸರದಿಗೆ ಇನ್ನು ಯಾರ್‍ಯಾರು ಸಿಗುತ್ತಿದ್ದರು ಎಂಬ ಪಟ್ಟಿ ಹಿಡಿದು ವರ್ಷಗಟ್ಟಲೆ ಕೊರಗುತ್ತಾನೆ.

ಕೊರಗುವುದರಲ್ಲಿ ಫಿಲಡೆಲ್ಫಿಯಾಕ್ಕೆ ಹಳೆಯ ಹಕ್ಕಿದೆ. ಡ್ರಾಫ್ಟ್ ಎಂಬ ಏರ್ಪಾಡನ್ನು ಲೀಗಿಗೆ ಸೂಚಿಸಿದವರೇ ಈಗಲ್ಸ್ ಮಾಲೀಕ ಬರ್ಟ್ ಬೆಲ್. ಮೊದಲ ಡ್ರಾಫ್ಟ್ 1936ರ ಫೆಬ್ರುವರಿಯಲ್ಲಿ ನಡೆದದ್ದೂ ಅದೇ ಊರಿನ ಹೋಟೆಲಿನಲ್ಲಿ. ಮೊಟ್ಟಮೊದಲ ಆಯ್ಕೆ ಸಿಕ್ಕಿದ್ದೂ ಈಗಲ್ಸ್‌ಗೇ. ಅವರು ಆರಿಸಿದ ಜೇ ಬರ್ವಾಂಗರ್ ಈಗಲ್ಸ್‌ಗಿರಲಿ, ಎನ್‌ಎಫ್‌ಎಲ್‌ನಲ್ಲೇ ಒಂದು ಪಂದ್ಯವನ್ನೂ ಆಡಲಿಲ್ಲ. ಶುಭಾರಂಭ ಎಂದರೆ ಇದು! 1999ರಲ್ಲಿ ಊರಿನ ಕ್ರೀಡಾ ರೇಡಿಯೊ ಕೇಂದ್ರವೊಂದು ಅಭಿಮಾನಿಗಳ ದಂಡನ್ನು ಡ್ರಾಫ್ಟ್ ನೋಡಲು ನ್ಯೂಯಾರ್ಕಿಗೆ ಕರೆದೊಯ್ದಿತು. ತಮಗೆ ಬೇಕಾಗಿದ್ದ ರಿಕಿ ವಿಲಿಯಮ್ಸ್ ಬದಲು ಡೊನೊವನ್ ಮೆಕ್‌ನ್ಯಾಬ್ ಹೆಸರು ಬಂದಾಗ ಅವರು ಹಾಕಿದ ಛೀಮಾರಿ ಟೀವಿಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಅದೇ ಮೆಕ್‌ನ್ಯಾಬ್ ಮುಂದೆ ತಂಡವನ್ನು ಲೀಗಿನ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಯ್ದ. ಅವತ್ತು ಕೂಗಿದವರು ನಾಚಿಕೊಂಡರು ಎಂದುಕೊಳ್ಳಬೇಡಿ.

2021ರ ಸಿಟ್ಟಿಗೆ ಮಾತ್ರ ಇನ್ನೂ ಹಸಿಯಾದ ಕಾರಣವಿತ್ತು. ಅವನ ಹೆಸರು ಸಿಡ್ನಿ ಜೋನ್ಸ್.

2017ರ ಡ್ರಾಫ್ಟ್ ಫಿಲಡೆಲ್ಫಿಯಾದಲ್ಲೇ, ಕಲಾ ಸಂಗ್ರಹಾಲಯದ ಆ ಪ್ರಸಿದ್ಧ ಮೆಟ್ಟಿಲುಗಳ ಮುಂದೆ ನಡೆಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಾರ್ನರ್‌ಬ್ಯಾಕ್ ಜೋನ್ಸ್ ಮೊದಲ ಸುತ್ತಿನ ಆಟಗಾರ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆ ಮಾರ್ಚಿನಲ್ಲಿ ತಂಡಗಳ ಮುಂದೆ ಓಟ, ನೆಗೆತ ತೋರಿಸುವ ದಿನವೇ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಈಗಲ್ಸ್ ಅವನನ್ನು ಎರಡನೇ ಸುತ್ತಿನ 43ನೇ ಸರದಿಯಲ್ಲಿ ಎತ್ತಿಕೊಂಡರು. 2021ರಂತೆ ಆಗಲೂ ತಂಡದ ಆಯ್ಕೆಗಾರ ಹೋವಿ ರೋಸ್‌ಮನ್ನರೇ, ಆಗಲೂ ‘ಮೊದಲ ಸುತ್ತಿನ ಸರಕು ಎರಡನೇ ಸುತ್ತಿನ ಬೆಲೆಗೆ’ ಎಂಬ ತರ್ಕವೇ. ಊರಿನ ಜನ ಹಿಗ್ಗಿದರು. ಮೊದಲ ವರ್ಷ ಅವನು ಆಡಿದ್ದು ಒಂದೇ ಪಂದ್ಯ. ಆ ಋತುವಿನಲ್ಲಿ ತಂಡ ಸೂಪರ್ ಬೌಲನ್ನೇ ಗೆದ್ದದ್ದರಿಂದ ಯಾರೂ ಕೇಳಲಿಲ್ಲ. ಆಮೇಲೆ ಕೇಳತೊಡಗಿದರು. ಅಕಿಲೀಸ್ ವಾಸಿಯಾಗಿತ್ತು, ಕೈಕೊಟ್ಟದ್ದು ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್, ಅದೂ ಮತ್ತೆ ಮತ್ತೆ. 2020ರ ಋತುವಿಗೆ ಮುನ್ನ ಅವನನ್ನು ಕೈಬಿಟ್ಟರು. ಅದಾಗಿ ಎಂಟು ತಿಂಗಳಿಗೆ ಅದೇ ರೋಸ್‌ಮನ್, ಅದೇ ಎರಡನೇ ಸುತ್ತು, ಮತ್ತೊಬ್ಬ ಗಾಯಾಳು. ಬೈದವರನ್ನು ನಾನು ಬೈಯಲಾರೆ.

ಆದರೂ ನನ್ನ ಪ್ರಕಾರ ಡಿಕರ್‌ಸನ್ ಆಯ್ಕೆ ಆ ರಾತ್ರಿಯೇ ಸರಿಯಾಗಿತ್ತು, ಮುಂದೆ ಏನೇ ಆಗಿದ್ದರೂ. ಇವನು ಮತ್ತೆ ಗಾಯಗೊಳ್ಳುತ್ತಾನಾ ಎಂಬ ಪ್ರಶ್ನೆ ಇಟ್ಟುಕೊಂಡು ಕೂತರೆ ಅಭಿಮಾನಿಗೆ ಉತ್ತರವಿಲ್ಲ, ವೈದ್ಯರಿಗೂ ಅರ್ಧ ಉತ್ತರವೇ. ಆಟಗಾರರ ಎಂಆರ್‌ಐ ಚಿತ್ರಗಳು, ವೈದ್ಯಕೀಯ ಕಡತಗಳು ತಂಡಗಳ ಕೈಯಲ್ಲಿರುತ್ತವೆ, ನಮ್ಮ ಕೈಯಲ್ಲಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ವರ್ಷವರ್ಷ ನಡೆಯುವ ತಪಾಸಣಾ ಮೇಳದಲ್ಲಿ ಟೀವಿಯವರು 40 ಗಜದ ಓಟ ತೋರಿಸುತ್ತಾರೆ; ತಂಡಗಳಿಗೆ ಅದಕ್ಕಿಂತ ಮುಖ್ಯವಾದದ್ದು ಒಬ್ಬರಾದ ಮೇಲೊಬ್ಬ ವೈದ್ಯರು ಅದೇ ಮೊಣಕಾಲನ್ನು ತಿರುಚಿ, ಎಳೆದು ನೋಡುವ ಕೋಣೆ. ಆ ಕೋಣೆಯ ಮಾತು ಹೊರಗಿನವರಿಗೆ ಸೋರಿ ಬರುವಷ್ಟೇ. ಡಿಕರ್‌ಸನ್ ಅಲಬಾಮಾದ ಪ್ರದರ್ಶನದ ದಿನ ಮೈದಾನದಲ್ಲಿ ಲಾಗ ಹಾಕಿದ ವಿಡಿಯೊ ನೋಡಿ ಮೊಣಕಾಲು ವಾಸಿಯಾಯಿತು ಎಂದು ತೀರ್ಪು ಕೊಟ್ಟವರನ್ನು ಕಂಡು ನಕ್ಕಿದ್ದೇನೆ. ಲಾಗ ಹಾಕುವುದು ಮನಸ್ಸಿನ ಆರೋಗ್ಯ ತೋರಿಸೀತು, ಲಿಗಮೆಂಟಿನದ್ದಲ್ಲ.

ಹೊರಗೆ ಕೂತವನು ತೂಗಬಹುದಾದದ್ದು ಬೆಲೆಯನ್ನು, ಆಟದ ಜಾಗವನ್ನು. ಬೆಲೆಯ ಮಾತು ಬೇಗ ಮುಗಿಸುತ್ತೇನೆ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ, ಅವನು ಹಿಂದಿನ ವರ್ಷವಷ್ಟೇ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೂ, ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡ 5 ಕೋಟಿ ಡಾಲರ್ ಖಾತರಿ ಕೊಟ್ಟಿತ್ತು. ಒಂದೇ ಗಾಯ ಇಡೀ ತಂಡದ ಲೆಕ್ಕಾಚಾರ ಕೆಡಿಸಬಹುದಾದ ಮೊತ್ತ ಅದು. 2011ರ ಕಾರ್ಮಿಕ ಒಪ್ಪಂದ ಹೊಸಬರ ಸಂಬಳವನ್ನು ಸರದಿಗೆ ಕಟ್ಟಿಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಒಟ್ಟು 2.2 ಕೋಟಿ ಡಾಲರ್. ಎರಡನೇ ಸುತ್ತಿನವರದ್ದು ಅದಕ್ಕಿಂತ ಎಷ್ಟೋ ಕೆಳಗೆ. ಆದ್ದರಿಂದ ಗಾಯಾಳುವಿನ ಮೇಲೆ ಪಣ ಕಟ್ಟಲು ಎರಡನೇ ಸುತ್ತಿಗಿಂತ ಒಳ್ಳೆಯ ಜಾಗವಿಲ್ಲ: ಪ್ರತಿಭೆ ಮೊದಲ ಸುತ್ತಿನದ್ದು, ಗೆದ್ದರೆ ನಾಲ್ಕು ವರ್ಷ ಅಗ್ಗದ ಆಟ, ಸೋತರೆ ಕಳೆದುಕೊಂಡದ್ದು ಒಂದು ಸರದಿ.

ಜಾಗದ ವಿಷಯದಲ್ಲಿ ನಮ್ಮ ವಾಗ್ವಾದಗಳು ಎಡವುವುದು ಹೆಚ್ಚು. ಜೋನ್ಸ್‌ಗೂ ಡಿಕರ್‌ಸನ್‌ಗೂ ‘ಗಾಯದ ಗಿರಾಕಿ’ ಎಂಬ ಒಂದೇ ಹಣೆಪಟ್ಟಿ ಅಂಟಿಸಿದರು. ಕಾರ್ನರ್‌ಬ್ಯಾಕ್ ಬದುಕುವುದು ಓಟದ ಮೇಲೆ. ಎದುರಾಳಿ ಎತ್ತ ಓಡುತ್ತಾನೆಂದು ಗೊತ್ತಿಲ್ಲದೆ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ, ಕಣ್ಣು ಮಿಟುಕಿಸುವಷ್ಟರಲ್ಲಿ ಸೊಂಟ ತಿರುಗಿಸಿ ಪೂರ್ತಿ ವೇಗಕ್ಕೆ ಏರಬೇಕು. ಅರ್ಧ ಹೆಜ್ಜೆ ತಡವಾದರೆ ಟಚ್‌ಡೌನ್. ಅಲ್ಲಿ ಹಿಮ್ಮಡಿ, ತೊಡೆಗಳೇ ಬಂಡವಾಳ. ನೂರಕ್ಕೆ ತೊಂಬತ್ತೈದರಷ್ಟು ವಾಸಿಯಾದರೂ ಸಾಲದು. ಸೆಂಟರ್ ಅಥವಾ ಅವನ ಪಕ್ಕದಲ್ಲೇ ನಿಲ್ಲುವ ಗಾರ್ಡ್‌ನ ಲೋಕ ಮೂರು ಗಜದೊಳಗಿನದ್ದು. ಬೇಕಾದ್ದು ಸೊಂಟದ ಕೆಳಗಿನ ಬಲ, ಕೈಗಳ ಹಿಡಿತ, ಮೊದಲ ಹೆಜ್ಜೆಯ ಚುರುಕು, ಹಠ. ಗಾಯ ಅಲ್ಲೂ ಆಗುತ್ತದೆ, ಪಕ್ಕದವನು ಕಾಲ ಮೇಲೆ ಬಿದ್ದೇ ಹೆಚ್ಚಾಗಿ. ಆದರೆ ವೇಗ ಸ್ವಲ್ಪ ಕುಗ್ಗಿದ ಮಾತ್ರಕ್ಕೆ ಗಾರ್ಡ್‌ನ ಕಸುಬು ಮುಳುಗುವುದಿಲ್ಲ. ಹಾಗಾಗಿ ಜೋನ್ಸ್ ಆಯ್ಕೆಗೆ ನಾನು ಮೂಗು ಮುರಿಯುವುದು ಅವನು ಸೋತದ್ದರಿಂದಲ್ಲ. ಪಣ ಕಟ್ಟಿದ್ದು ಆ ಜಾಗಕ್ಕೆ ಅತಿ ದುಬಾರಿಯಾದ ಅಂಗದ ಮೇಲೆ, ಅದಕ್ಕೆ.

ಬೆಲೆ, ಜಾಗಗಳ ಜೊತೆಗೆ ಒಳಗಿನ ಮಾಹಿತಿಯೂ ಸೇರಿದ ಅಪರೂಪದ ಪ್ರಕರಣ ಡಲ್ಲಾಸ್‌ನದ್ದು. ಈಗಲ್ಸ್ ಅಭಿಮಾನಿಗಳು ಆ ಊರಿನ ಹೆಸರೆತ್ತಿದರೆ ಉರಿದುಬೀಳುತ್ತಾರೆ, ಇರಲಿ. 2016ರ ಜನವರಿ 1ರಂದು ಫಿಯೆಸ್ಟಾ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ನೋಟರ್ ಡೇಮ್‌ನ ಲೈನ್‌ಬ್ಯಾಕರ್ ಜೇಲನ್ ಸ್ಮಿತ್‌ನ ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಲಿಗಮೆಂಟ್ ಹೊಲಿಯಬಹುದು. ಹೆದರಿಕೆ ಇದ್ದದ್ದು ಪಾದವನ್ನು ಎತ್ತುವ ನರಕ್ಕೆ ಬಿದ್ದ ಪೆಟ್ಟಿನದ್ದು. ನರ ಮತ್ತೆ ಬೆಳೆದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬೆಳೆಯುತ್ತದೆಂಬ ಖಾತರಿಯೂ ಇಲ್ಲ. ಮೊದಲ ಐದರಲ್ಲಿ ಹೋಗಬೇಕಿದ್ದ ಹುಡುಗನನ್ನು ಕೆಲವು ತಂಡಗಳು ಪಟ್ಟಿಯಿಂದಲೇ ಹೊಡೆದುಹಾಕಿದವು. ಡಲ್ಲಾಸ್ ಕೌಬಾಯ್ಸ್ ಮಾತ್ರ 34ನೇ ಸರದಿಯಲ್ಲಿ ಅವನ ಹೆಸರು ಕರೆದರು. ಆ ಮೊಣಕಾಲಿಗೆ ಆಪರೇಷನ್ ಮಾಡಿದ್ದವರು ಅವರ ತಂಡದ ವೈದ್ಯರೇ!

ಸ್ಮಿತ್ 2016ರಲ್ಲಿ ಆಡಲೇ ಇಲ್ಲ. 2017ರಲ್ಲಿ ಪಾದಕ್ಕೆ ಪಟ್ಟಿ ಕಟ್ಟಿಕೊಂಡು ಹದಿನಾರೂ ಪಂದ್ಯ ಆಡಿದ, 2018ರಲ್ಲಿ ಮಿಂಚಿದ, 2019ರಲ್ಲಿ ಲೀಗಿನ ಅತ್ಯುತ್ತಮರಿಗೆ ಸಲ್ಲುವ ಪ್ರೊ ಬೌಲ್ ಗೌರವ ಕಂಡ. 45ರಲ್ಲಿ ಟೆನ್ನೆಸಿಗೆ ಹೋದ ರನ್ನಿಂಗ್‌ಬ್ಯಾಕ್ ಡೆರಿಕ್ ಹೆನ್ರಿಯನ್ನು ತೋರಿಸಿ ‘ಇವನನ್ನು ಬಿಟ್ಟಿರಲ್ಲಾ’ ಎನ್ನುವ ಡಲ್ಲಾಸ್ ಅಭಿಮಾನಿಗಳು ಈಗಲೂ ಇದ್ದಾರೆ. ಒಂದನ್ನು ಮರೆಯುತ್ತಾರೆ: ಹಿಂದಿನ ರಾತ್ರಿ ನಾಲ್ಕನೇ ಸರದಿಯಲ್ಲಿ ಅವರ ತಂಡ ರನ್ನಿಂಗ್‌ಬ್ಯಾಕ್ ಎಝಿಕಿಯಲ್ ಎಲಿಯಟ್‌ನನ್ನು ತೆಗೆದುಕೊಂಡಾಗಿತ್ತು. ಸ್ಮಿತ್ ಬಿದ್ದ ಅದೇ ಫಿಯೆಸ್ಟಾ ಬೌಲ್‌ನಲ್ಲಿ ಎದುರಾಳಿ ಒಹಾಯೊ ಸ್ಟೇಟ್‌ಗೆ ನಾಲ್ಕು ಟಚ್‌ಡೌನ್ ಬಾರಿಸಿದವನೇ ಆ ಎಲಿಯಟ್. ಮೇಲೊಬ್ಬ ಹೆನ್ರಿ ಅವರಿಗೆ ಬೇಕಿರಲಿಲ್ಲ. ಡಲ್ಲಾಸ್ ಮಾಡಿದ ತಪ್ಪು ಬೇರೆಯದು. 2019ರ ಆಗಸ್ಟಿನಲ್ಲಿ ಅಗ್ಗದ ಒಪ್ಪಂದ ಇನ್ನೂ ಮುಗಿಯದಿರುವಾಗಲೇ ಸ್ಮಿತ್‌ಗೆ ಐದು ವರ್ಷದ 6.4 ಕೋಟಿ ಡಾಲರಿನ ಹೊಸ ಒಪ್ಪಂದ ಬರೆದುಕೊಟ್ಟರು. 2021ರ ಅಕ್ಟೋಬರಿನಲ್ಲಿ ಮನೆಗೆ ಕಳಿಸಿದರು. ಡ್ರಾಫ್ಟಿನ ಪಣ ಗೆದ್ದಿತ್ತು. ಗೆದ್ದ ಖುಷಿಯಲ್ಲಿ ಕಟ್ಟಿದ ಎರಡನೇ ಪಣ ಮುಳುಗಿಸಿತು.

ಇತ್ತ ಡಿಕರ್‌ಸನ್ ಮೊದಲ ವರ್ಷವೇ ಕಣಕ್ಕಿಳಿದ. ಗಾರ್ಡ್ ಬ್ರ್ಯಾಂಡನ್ ಬ್ರೂಕ್ಸ್ ಗಾಯಗೊಂಡಾಗ ಬಲಗಡೆ, ಐಸಾಕ್ ಸ್ಯುಮಾಲೊ ಗಾಯಗೊಂಡಾಗ ಎಡಗಡೆ. ಗಾಯಾಳು ಎಂದು ಹೆಸರಾದವನು ಗಟ್ಟಿಗರೆಂದು ಹೆಸರಾದವರ ಜಾಗ ತುಂಬುತ್ತಿದ್ದ. ಕೆಲ್ಸಿ ಪಕ್ಕದಲ್ಲಿ ಎಡ ಗಾರ್ಡ್ ಆಗಿ ನೆಲೆ ನಿಂತ. 2022ರಿಂದ ಮೂರು ವರ್ಷ ಸತತ ಪ್ರೊ ಬೌಲ್. 2025ರ ಜನವರಿಯಲ್ಲಿ, ಸೂಪರ್ ಬೌಲ್‌ಗೆ ದಾರಿಯಾದ ಎನ್‌ಎಫ್‌ಸಿ ಫೈನಲ್‌ನಲ್ಲಿ ಸೆಂಟರ್ ಜಾಗಕ್ಕೆ ಸರಿದು ಆಡಿ, ಮೊಣಕಾಲು ನೋವಾಗಿ ಅರ್ಧಕ್ಕೆ ಹೊರಬಂದ. ಎರಡು ವಾರದ ಮೇಲೆ ಸೂಪರ್ ಬೌಲ್‌ನಲ್ಲಿ ಮತ್ತೆ ಎಡ ಗಾರ್ಡ್ ಜಾಗದಲ್ಲಿದ್ದ. ಈಗಲ್ಸ್ ಕಾನ್ಸಾಸ್ ಸಿಟಿಯನ್ನು 40-22ರಿಂದ ಹಣಿದರು. ಅತ್ತ ಅಭಿಮಾನಿಗಳು ಬಯಸಿದ್ದ ಸ್ಯಾಮ್ಯುಯೆಲ್ ಜೂನಿಯರ್ 47ರಲ್ಲಿ ಚಾರ್ಜರ್ಸ್ ತಂಡ ಸೇರಿ ಚೆನ್ನಾಗಿಯೇ ಆಡಿದ. ಆದರೆ 2024ರಲ್ಲಿ ಗಾಯಗೊಂಡು ನಾಲ್ಕು ಪಂದ್ಯಕ್ಕೇ ನಿಂತ. ಗಾಯ ಹಿಂದಿನ ಪುಟಗಳನ್ನು ಓದಿಕೊಂಡೇ ಬರಬೇಕೆಂದಿಲ್ಲ.

2025ರ ಆಗಸ್ಟಿನ ತಾಲೀಮಿನಲ್ಲಿ ಡಿಕರ್‌ಸನ್ ಮೊಣಕಾಲಿಗೆ ಮತ್ತೆ ಪೆಟ್ಟು, ಮತ್ತೆ ಶಸ್ತ್ರಚಿಕಿತ್ಸೆ. ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಬಂದೇ ಬಂದ. ಬೆನ್ನು ಹಿಡಿದು ನಡುವೆಯೇ ಹೊರನಡೆದ. ‘ಅವತ್ತೇ ಹೇಳಿರಲಿಲ್ಲವೇ’ ಎಂಬ ಹಳೆಯ ಪಾಳಯಕ್ಕೆ ಮತ್ತೆ ಜೀವ ಬಂತು. ಅವರಿಗೆ ನನ್ನದೊಂದು ತಕರಾರು ಇದೆ, ಒಂದು ಒಪ್ಪಿಗೆಯೂ ಇದೆ. 37ನೇ ಸರದಿ ಕೊಂಡದ್ದು ನಾಲ್ಕು ವರ್ಷವನ್ನು, ಅದು 2024ರ ಋತುವಿಗೆ ಬಡ್ಡಿಸಮೇತ ತೀರಿತು. ಅದರಾಚೆಯ ಗಾಯವನ್ನು ಕ್ಲೀವ್‌ಲ್ಯಾಂಡಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಜಗಳಕ್ಕೆ ತಕ್ಕ ಕಾಗದ ಇನ್ನೊಂದಿದೆ: 2024ರ ಮಾರ್ಚಿನಲ್ಲಿ ಸಹಿಯಾದ, ನಾಲ್ಕು ವರ್ಷಕ್ಕೆ 8.4 ಕೋಟಿ ಡಾಲರಿನ ಹೊಸ ಒಪ್ಪಂದ. ಆ ಜಗಳಕ್ಕೆ ಕೂತರೆ ನಾನು ಅವರ ಪಾಳಯದಲ್ಲೇ ಕೂರುತ್ತೇನೆ.