ನೋಟಕ್ಕೊಂದು ಹೆಸರು

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕಸುಬಿನಲ್ಲಿ ಗೆರೆ ಎಳೆಯುವ ಕೌಶಲಕ್ಕಿರುವ ಮನ್ನಣೆ ಆ ಗೆರೆಗಳ ನಡುವೆ ಓಡಾಡುವ ಕೌಶಲಕ್ಕೆ ಇನ್ನೂ ದೊರೆತಿಲ್ಲ. ಲೈನ್, ಟ್ರಿಮ್, ಆಫ್‌ಸೆಟ್ ಮುಂತಾದ ಆದೇಶಗಳನ್ನು ಕಲಿಸಲು ವಾರಗಟ್ಟಲೆ ಮೀಸಲಿಡುವವರೂ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸುವ ಝೂಮ್ ಹಾಗೂ ಅದನ್ನು ಅತ್ತಿತ್ತ ಸರಿಸುವ ಪ್ಯಾನ್ ಬಂದಾಗ, ಮೌಸಿನ ಚಕ್ರ ತಿರುಗಿಸಿದರಾಯಿತು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಯಾವುದನ್ನು ಎಷ್ಟು ದೂರದಿಂದ, ಯಾವ ದಿಕ್ಕಿನಿಂದ, ಯಾವ ಪದರಗಳೊಡನೆ ನೋಡಬೇಕೆಂಬ ತೀರ್ಮಾನವೂ ನಕ್ಷೆಗಾರನ ಕೆಲಸವೇ ಆಗಿದ್ದು, ಆ ತೀರ್ಮಾನ ಕಡತದಲ್ಲಿ ದಾಖಲಾಗದಿದ್ದರೆ ಅತ್ಯಂತ ನಿಖರವಾದ ನಕ್ಷೆಯೂ ಇನ್ನೊಬ್ಬರ ಕೈಯಲ್ಲಿ ದಾರಿ ತಿಳಿಯದ ಊರಾಗುತ್ತದೆ.

ಕಾಗದದ ಕಾಲದಲ್ಲಿ ಈ ತೀರ್ಮಾನವನ್ನು ಹಾಳೆಯೇ ಮಾಡುತ್ತಿತ್ತು. ಮುರಗೋಡ, ಬೈಲಹೊಂಗಲ, ಕಿತ್ತೂರು ಮತ್ತು ಸವದತ್ತಿಯ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದಾಗ ಬೇರೂರಿದ ಭೂಮಾಪನ ಪದ್ಧತಿಯಲ್ಲಿ ಒಂದೇ ಜಮೀನು ಎರಡು ಬೇರೆ ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಗಾವಠಾಣವೆಂಬ ಊರಿನ ವಸತಿ ಜಾಗ, ಹಳ್ಳ, ಬಂಡಿದಾರಿ ಮತ್ತು ಎಲ್ಲ ಸರ್ವೆ ನಂಬರುಗಳನ್ನು ಒಟ್ಟಾಗಿ ತೋರಿಸುವ ಗ್ರಾಮನಕ್ಷೆಯನ್ನು ಮೈಲಿಗೆ 8 ಅಂಗುಲ, ಅಂದರೆ 1:7920 ಪ್ರಮಾಣದಲ್ಲಿ ಬರೆಯಲಾಗುತ್ತಿತ್ತು. ಒಂದೊಂದು ಹೊಲದ ಬದು ಮತ್ತು ಬಾಂದುಕಲ್ಲುಗಳ ನಡುವಿನ ಅಳತೆಯನ್ನು ಸರಪಳಿ ಹಾಗೂ ಆಣೆಗಳಲ್ಲಿ ಗುರುತಿಸುವ ಟಿಪ್ಪಣಿ ಅದರಿಂದ ಪ್ರತ್ಯೇಕವಾಗಿತ್ತು. ಇಲ್ಲಿ ಸರಪಳಿಯೆಂದರೆ 33 ಅಡಿ, ಅದರ ಹದಿನಾರನೆಯ ಒಂದು ಪಾಲು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ 1089 ಚದರ ಅಡಿ ಒಂದು ಗುಂಟೆ, ಅಂಥ 40 ಗುಂಟೆ ಒಂದು ಎಕರೆ. ಊರನ್ನು ನೋಡುವವನು ಗ್ರಾಮನಕ್ಷೆಯನ್ನೂ ಹೊಲವನ್ನು ನೋಡುವವನು ಟಿಪ್ಪಣಿಯನ್ನೂ ತೆರೆಯುತ್ತಿದ್ದುದರಿಂದ ಎರಡು ನೋಟಗಳು ಒಂದರೊಳಗೊಂದು ಬೆರೆಯುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆಟೋಕ್ಯಾಡ್ ಮತ್ತು ಅದೇ ಜಾಡಿನ ತಂತ್ರಾಂಶಗಳು ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದವು. ಇವುಗಳಲ್ಲಿ ವಸ್ತುವನ್ನು ಅದರ ನಿಜವಾದ ಅಳತೆಯಲ್ಲಿಯೇ ಬರೆಯಲಾಗುತ್ತದೆ; ಹತ್ತು ಮೀಟರಿನ ಗೋಡೆಗೆ ಹತ್ತು ಮೀಟರಿನ ಗೆರೆಯೇ ಬೀಳುತ್ತದೆ; ಪ್ರಮಾಣವೆಂಬುದು ಗೆರೆಗೆ ಅಂಟಿದ ಗುಣವಾಗದೆ ಗೆರೆಯನ್ನು ನೋಡುವ ರೀತಿಗೆ ಸೇರಿದ್ದಾಗುತ್ತದೆ. ಈ ಕಲ್ಪನೆ ಆಟೋಕ್ಯಾಡ್ ಮಾರುಕಟ್ಟೆಗೆ ಬಂದ 1982ಕ್ಕಿಂತ ಬಹಳ ಹಿಂದಿನದು. ಇವಾನ್ ಸದರ್ಲ್ಯಾಂಡ್ ಅಮೆರಿಕದ ಎಂಐಟಿಯಲ್ಲಿ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯಲ್ಲಿ 7 ಅಂಗುಲ ಚದರದ ತೆರೆಯನ್ನು ಒಂದು ಕಿಟಕಿಯೆಂದು ಭಾವಿಸಿ, ನೋಟವನ್ನು ಸುಮಾರು 2000 ಪಟ್ಟು ಹಿಗ್ಗಿಸಲು ಅವಕಾಶ ಕಲ್ಪಿಸಲಾಗಿತ್ತು. ಲೆಕ್ಕ ಹಾಕಿದರೆ ಆ ಕಿಟಕಿಯ ಹಿಂದಿದ್ದ ಕಾಲ್ಪನಿಕ ಕಾಗದದ ಒಂದೊಂದು ಮಗ್ಗುಲು 33 ಅಡಿಯ 35 ಸರಪಳಿಗಳಿಗಿಂತ ತುಸು ಹೆಚ್ಚು, ವಿಸ್ತೀರ್ಣ ಮೂವತ್ತು ಎಕರೆಗೂ ಮೀರಿದ್ದು. ಇಷ್ಟು ದೊಡ್ಡ ಹಾಳೆಯನ್ನು ಅಷ್ಟು ಚಿಕ್ಕ ಕಿಟಕಿಯಿಂದ ನೋಡುವಾಗ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುವ ಹೊಣೆ ಅಂದಿನಿಂದಲೇ ನೋಡುವವನ ಪಾಲಿಗೆ ಬಂದಿದೆ.

ಈ ಹೊಣೆಯ ಮೊದಲ ಪರೀಕ್ಷೆ ನಡೆಯುವುದು 'ಝೂಮ್ ಎಕ್ಸ್‌ಟೆಂಟ್ಸ್' ಎಂಬ ಆದೇಶದಲ್ಲಿ. ಕಡತದಲ್ಲಿರುವ ಎಲ್ಲ ವಸ್ತುಗಳೂ ತೆರೆಯೊಳಗೆ ಹಿಡಿಯುವಂತೆ ನೋಟವನ್ನು ಹೊಂದಿಸುವುದು ಇದರ ಕೆಲಸ. ಚಕ್ರವನ್ನು ಎರಡು ಬಾರಿ ಒತ್ತಿದರೂ ಇದೇ ನಡೆಯುತ್ತದೆ. ಉಪಗ್ರಹಾಧಾರಿತ ಉಪಕರಣಗಳಿಂದ ಅಳೆದ ಬಿಂದುಗಳು ಕಿತ್ತೂರು-ಸವದತ್ತಿಯ ಸೀಮೆಯಲ್ಲಿ ಯುಟಿಎಂ ನಿರ್ದೇಶಾಂಕ ಪದ್ಧತಿಯ 43ನೇ ವಲಯಕ್ಕೆ ಬರುತ್ತವೆ. ಆ ವಲಯದ ನಡುಗೆರೆಯಾದ 75 ಡಿಗ್ರಿ ಪೂರ್ವ ರೇಖಾಂಶ ಸವದತ್ತಿಗೆ ತುಸು ಪಶ್ಚಿಮದಲ್ಲಿ ಹಾಯುವುದರಿಂದ, ಪೂರ್ವಕ್ಕೆ ಎಣಿಸುವ ಈಸ್ಟಿಂಗ್ ಸಂಖ್ಯೆ ಇಲ್ಲಿ 5 ಲಕ್ಷ ಮೀಟರಿನ ಆಸುಪಾಸಿನಲ್ಲಿಯೂ, ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಣಿಸುವ ನಾರ್ತಿಂಗ್ ಸಂಖ್ಯೆ 17 ಲಕ್ಷ ಮೀಟರಿಗೂ ಮೇಲೆಯೂ ಇರುತ್ತದೆ. ಕಿತ್ತೂರ ಕೋಟೆಯ ಅಳತೆ ನಕ್ಷೆಯಲ್ಲಿ ಅಜಾಗರೂಕತೆಯಿಂದ ಒಂದೇ ಒಂದು ಬಿಂದು ಸೊನ್ನೆ-ಸೊನ್ನೆ ಸ್ಥಾನದಲ್ಲಿ ಉಳಿದುಹೋಯಿತೆನ್ನೋಣ. ಆ ಸ್ಥಾನವಿರುವುದು ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದ ನಡುವೆ. ಎಕ್ಸ್‌ಟೆಂಟ್ಸ್ ಆದೇಶ ಅಲ್ಲಿಂದ ಕಿತ್ತೂರಿನವರೆಗಿನ 1,700ಕ್ಕೂ ಹೆಚ್ಚು ಕಿಲೋಮೀಟರನ್ನು ತೆರೆಯೊಳಗೆ ತುಂಬಿಸಲು ಹೋದಾಗ, 1080 ಚುಕ್ಕೆ ಎತ್ತರದ ತೆರೆಯಲ್ಲಿ ಒಂದೊಂದು ಚುಕ್ಕೆಯ ಪಾಲಿಗೆ ಸುಮಾರು 1.6 ಕಿಲೋಮೀಟರ್ ಬರುತ್ತದೆ. ಕೋಟೆ, ಅರಮನೆ, ಕಂದಕಗಳೆಲ್ಲ ಒಂದೇ ಚುಕ್ಕೆಯಲ್ಲಿ ಅಡಗಿ, ತೆರೆ ಬರಿದಾದಂತೆ ಕಾಣುತ್ತದೆ.

ಅನನುಭವಿ ಇದನ್ನು ಕಡತ ಕೆಟ್ಟಿತೆಂದು ತಿಳಿದು ಗಾಬರಿಯಾದರೆ, ಅನುಭವಿ ಅದನ್ನೇ ತಪಾಸಣೆಯ ಸಾಧನವಾಗಿ ಬಳಸುತ್ತಾನೆ: ಕಡತ ಕೈಗೆ ಬಂದೊಡನೆ ಎಕ್ಸ್‌ಟೆಂಟ್ಸ್ ಕೊಟ್ಟು, ನಕ್ಷೆ ತೆರೆಯನ್ನು ತುಂಬಿಕೊಂಡು ಕುಳಿತರೆ ಒಪ್ಪುತ್ತಾನೆ, ಮೂಲೆ ಸೇರಿದರೆ ದಾರಿತಪ್ಪಿದ ಬಿಂದುವನ್ನು ಹುಡುಕಲು ತೊಡಗುತ್ತಾನೆ. ಈ ಹುಡುಕಾಟದಲ್ಲಿ ಪದರಗಳ, ಎಂದರೆ ಲೇಯರುಗಳ, ಒಂದು ಸೂಕ್ಷ್ಮ ನೆನಪಿರಬೇಕು. ಲೇಯರನ್ನು ಆಫ್ ಮಾಡಿದರೆ ಅದರ ಗೆರೆಗಳು ಕಣ್ಣಿಗೆ ಮರೆಯಾದರೂ ಎಕ್ಸ್‌ಟೆಂಟ್ಸ್ ಲೆಕ್ಕದಲ್ಲಿ ಉಳಿದಿರುತ್ತವೆ. ಫ್ರೀಜ್ ಮಾಡಿದರೆ ಲೆಕ್ಕದಿಂದಲೂ ಹೊರಬೀಳುತ್ತವೆ. ಇಡೀ ನಕ್ಷೆಯನ್ನೇ ಎತ್ತಿ ಸೊನ್ನೆಯ ಹತ್ತಿರ ತಂದಿಡುವ ಅಡ್ಡದಾರಿಯನ್ನಂತೂ ಹಿಡಿಯಲೇಬಾರದು, ಏಕೆಂದರೆ ಆ ಕ್ಷಣದಿಂದ ನಕ್ಷೆಗೂ ನೆಲಕ್ಕೂ ಇದ್ದ ನಂಟು ಕಡಿದುಹೋಗುತ್ತದೆ.

ಎರಡನೆಯ ಪರೀಕ್ಷೆ ನೋಟ ಹೇಳುವ ಸುಳ್ಳನ್ನು ಗುರುತಿಸುವುದು. ಸವದತ್ತಿಯ ಬಳಿಯ ಹೂಲಿಯಲ್ಲಿರುವ ಪಂಚಲಿಂಗೇಶ್ವರ ದೇವಾಲಯದಂಥ ಚಾಲುಕ್ಯ ಶೈಲಿಯ ಕಟ್ಟಡದ ತಳವಿನ್ಯಾಸವನ್ನು ಬರೆಯುವವರಿಗೆ ಕಂಬಗಳೇ ದೊಡ್ಡ ಕೆಲಸ; ಈ ಶೈಲಿಯಲ್ಲಿ ಒಂದೇ ಕಂಬದ ಕಾಂಡ ಕೆಳಗೆ ಚೌಕ, ಮೇಲೆ ಎಂಟು ಅಥವಾ ಹದಿನಾರು ಮುಖ, ಇನ್ನೂ ಮೇಲೆ ಕಡೆದಂತೆ ದುಂಡು ಆಗುತ್ತ ಹೋಗುವುದುಂಟು. ವೇಗ ಉಳಿಸಲೆಂದು ತಂತ್ರಾಂಶ ವೃತ್ತವನ್ನು ತೆರೆಯ ಮೇಲೆ ಚಿಕ್ಕಚಿಕ್ಕ ನೇರಗೆರೆಗಳಿಂದ ಮೂಡಿಸುತ್ತದೆ. ದೂರದ ನೋಟಕ್ಕೆ ಸಾಕಾಗುವಷ್ಟೇ ಗೆರೆಗಳನ್ನು ಬಳಸಿದ್ದು, ಒಮ್ಮೆಗೇ ಹತ್ತಿರ ಹೋದಾಗ ದುಂಡು ಕಂಬ ಬಹುಭುಜವಾಗಿ ಕಾಣಿಸಿಕೊಳ್ಳಬಹುದು. ಬೇರೆ ನಕ್ಷೆಯಲ್ಲಾದರೆ ಇದು ಕಣ್ಣಿಗೆ ಕಿರಿಕಿರಿಯಷ್ಟೇ. ಹದಿನಾರು ಮುಖದ ಕಂಬಗಳೂ ನಿಜವಾಗಿ ಇರಬಹುದಾದ ಕಟ್ಟಡದಲ್ಲಿ ಇದು ವಾಸ್ತುವಿನ ಬಗ್ಗೆಯೇ ತಪ್ಪು ಸಾಕ್ಷ್ಯ. ನೋಟವನ್ನು ಮೂಲ ಅಂಕಿಗಳಿಂದ ಹೊಸದಾಗಿ ಲೆಕ್ಕ ಹಾಕಿಸುವ 'ರೀಜೆನ್' ಆದೇಶವನ್ನು ಕೊಟ್ಟ ಮೇಲೆ ದುಂಡಾದದ್ದು ದುಂಡು, ಮುಖಗಳು ಉಳಿದದ್ದು ಬಹುಭುಜ ಎಂದು ತೀರ್ಮಾನಿಸಬೇಕು. ವೃತ್ತಗಳ ನುಣುಪನ್ನು ಮೊದಲೇ ಹೆಚ್ಚಿಸಿಡಲು 'ವ್ಯೂರೆಸ್' ಎಂಬ ಆದೇಶವಿದ್ದು, ಅದು 1ರಿಂದ 20,000ದವರೆಗಿನ ಬೆಲೆಯನ್ನು ಒಪ್ಪುತ್ತದೆ.

ಇನ್ನು ಹೆಸರಿಟ್ಟ ನೋಟಗಳ ವಿಚಾರ. ಯಂತ್ರಗಳು ನಿಧಾನವಾಗಿದ್ದ ದಿನಗಳಲ್ಲಿ ನಕ್ಷೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ರೀಜೆನ್ ಮುಗಿಯುವವರೆಗೆ ಕಾಯುವುದಾಗಿತ್ತು. ಆದ್ದರಿಂದ ನಕ್ಷೆಗಾರರು ಪದೇ ಪದೇ ಬೇಕಾಗುವ ಜಾಗಗಳನ್ನು 'ವ್ಯೂ' ಆದೇಶದಿಂದ ಹೆಸರಿಟ್ಟು ಉಳಿಸಿಕೊಳ್ಳುತ್ತಿದ್ದರು. 1990ರ ದಶಕದ ಕೊನೆಗೆ ಚಕ್ರವುಳ್ಳ ಮೌಸ್ ಬಳಕೆಗೆ ಬಂದು, ಯಂತ್ರಗಳೂ ಚುರುಕಾದ ಮೇಲೆ ಆ ಅಭ್ಯಾಸ ಬಿಟ್ಟುಹೋಯಿತು. ಚಕ್ರ ನಕ್ಷೆಗಾರನನ್ನು ಬೇಕಾದಲ್ಲಿಗೆ ಕ್ಷಣದಲ್ಲಿ ಒಯ್ಯುತ್ತದೆ, ನಿಜ. ಆದರೆ ಎಲ್ಲಿಗೆ ಹೋಗಿದ್ದನೆಂಬುದರ ಗುರುತನ್ನು ಉಳಿಸುವುದಿಲ್ಲ. 'ಝೂಮ್ ಪ್ರೀವಿಯಸ್' ಹಿಂದಿನ ಹತ್ತು ನೋಟಗಳವರೆಗೆ ಮಾತ್ರ ಮರಳಿಸುತ್ತದೆ. ಹೆಸರಿಟ್ಟ ನೋಟವಾದರೋ ಜಾಗ ಮತ್ತು ಹಿಗ್ಗುವಿಕೆಯ ಜೊತೆಗೆ ಆ ಹೊತ್ತಿನಲ್ಲಿ ಯಾವ ಲೇಯರುಗಳು ತೆರೆದಿದ್ದವು, ನಿರ್ದೇಶಾಂಕದ ಅಕ್ಷಗಳು ಯಾವ ಕಡೆ ತಿರುಗಿದ್ದವು ಎಂಬುದನ್ನೂ ನೆನಪಿಟ್ಟುಕೊಳ್ಳಬಲ್ಲುದು. ಗ್ರಾಮನಕ್ಷೆಯ ಕಡತವೊಂದರಲ್ಲಿ 'ಗಾವಠಾಣ', 'ಹಳ್ಳದ ದಂಡೆ', 'ವಾಟ್ನಿ ಹಿಸ್ಸಾ' (ಪಾಲಾದ ಜಮೀನಿನ ಭಾಗ) ಎಂಬಂಥ ನೋಟಗಳು ಪಟ್ಟಿಯಾಗಿದ್ದರೆ, ಹೊಸಬನು ಒಂದು ಗೆರೆಯನ್ನೂ ಮುಟ್ಟುವ ಮೊದಲೇ ಆ ಊರನ್ನು ಸುತ್ತಿ ಬಂದಿರುತ್ತಾನೆ.

ನೋಟವು ಕಾಗದಕ್ಕೆ ಇಳಿಯುವ ಜಾಗ ಲೇಔಟ್. ನಿಜ ಅಳತೆಯ ವಸ್ತು ಇರುವ ಮಾಡೆಲ್ ಸ್ಪೇಸ್ ಒಂದು ಕಡೆ, ಮುದ್ರಣದ ಹಾಳೆಯನ್ನು ಪ್ರತಿನಿಧಿಸುವ ಪೇಪರ್ ಸ್ಪೇಸ್ ಇನ್ನೊಂದು ಕಡೆ. ಹಾಳೆಯಲ್ಲಿ ಕೊರೆದ ವ್ಯೂಪೋರ್ಟ್ ಎಂಬ ಕಿಂಡಿಯ ಮೂಲಕ ಮಾಡೆಲ್ ಕಾಣುತ್ತದೆ, ಪ್ರಮಾಣ ನಿಗದಿಯಾಗುವುದು ಆ ಕಿಂಡಿಯಲ್ಲಿ. ಮಾಡೆಲ್ ಮೀಟರಿನಲ್ಲಿಯೂ ಹಾಳೆ ಮಿಲಿಮೀಟರಿನಲ್ಲಿಯೂ ಇದ್ದರೆ ಸಾವಿರವನ್ನು ಪ್ರಮಾಣದ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರದ ಮುಂದೆ ಎಕ್ಸ್‌ಪಿ ಎಂಬ ಎರಡು ಅಕ್ಷರ ಸೇರಿಸಿ ಝೂಮ್ ಆದೇಶಕ್ಕೆ ಕೊಡಬೇಕು: 1:500ಕ್ಕೆ 2 ಎಕ್ಸ್‌ಪಿ, ದೇವಾಲಯದ ತಳವಿನ್ಯಾಸದ 1:100ಕ್ಕೆ 10 ಎಕ್ಸ್‌ಪಿ, ಕಂಬದ ವಿವರ ತೋರುವ 1:20ಕ್ಕೆ 50 ಎಕ್ಸ್‌ಪಿ. ಒಂದೇ ಹಾಳೆಯಲ್ಲಿ ಒಂದು ಕಿಂಡಿ ಇಡೀ ಊರನ್ನು 1:7920ರಲ್ಲಿಯೂ ಪಕ್ಕದ ಕಿಂಡಿ ಒಂದೇ ಹೊಲವನ್ನು 1:500ರಲ್ಲಿಯೂ ತೋರಿಸಬಹುದು. ಹೀಗೆ ಗ್ರಾಮನಕ್ಷೆ ಮತ್ತು ಟಿಪ್ಪಣಿ ಮತ್ತೆ ಅಕ್ಕಪಕ್ಕ ಕೂಡುತ್ತವೆ, ಅದೂ ಒಂದೇ ಗೆರೆಯ ಎರಡು ರೂಪಗಳಾಗಿ.

ಈ ಸೌಕರ್ಯದ ಬೆನ್ನಿಗೇ ಒಂದು ಅಪಾಯವಿದೆ. ಪ್ರಮಾಣ ನಿಗದಿಯಾದ ಕಿಂಡಿಗೆ ಬೀಗ ಹಾಕದೆ ಬಿಟ್ಟು, ಅದರೊಳಗೆ ಕೆಲಸ ಮಾಡುವಾಗ ಚಕ್ರವನ್ನು ತುಸುವೇ ತಿರುಗಿಸಿದರೂ ಪ್ರಮಾಣ ಸದ್ದಿಲ್ಲದೆ ಬದಲಾಗುತ್ತದೆ. ಶೀರ್ಷಿಕೆಯಲ್ಲಿ ಮಾತ್ರ 1:500 ಎಂದೇ ಉಳಿದಿರುತ್ತದೆ. ಕಿಂಡಿಯ ನಿಜವಾದ ಪ್ರಮಾಣ 1:550ಕ್ಕೆ ಜಾರಿತೆಂದರೆ, 20.1 ಮಿಲಿಮೀಟರ್ ಬರಬೇಕಾದ ಗುಂಟೆಯ ಮಗ್ಗುಲು ಹಾಳೆಯ ಮೇಲೆ 18.3 ಮಿಲಿಮೀಟರ್ ಬರುತ್ತದೆ. ಶೀರ್ಷಿಕೆಯನ್ನು ನಂಬಿ ಅಳತೆಪಟ್ಟಿ ಇಟ್ಟವನಿಗೆ 33 ಅಡಿ 30 ಅಡಿಯಾಗಿ, 1089 ಚದರ ಅಡಿ 900 ಆಗಿ ಕಾಣುತ್ತದೆ. ಬದುವಿನ ಮೇಲಿನ ಒಂದು ಮೊಳಕ್ಕೂ ಕೋರ್ಟು ಹತ್ತುವ ಜನರ ನಡುವೆ ಗುಂಟೆಗೆ 189 ಚದರ ಅಡಿಯ ವ್ಯತ್ಯಾಸ ಸಣ್ಣದಲ್ಲ. ವ್ಯೂಪೋರ್ಟಿನ ಗುಣಗಳಲ್ಲಿ 'ಡಿಸ್‌ಪ್ಲೇ ಲಾಕ್ಡ್' ಎಂಬುದನ್ನು ಆರಿಸಿದರೆ ಈ ತಕರಾರು ಹುಟ್ಟುವುದೇ ಇಲ್ಲ.

ನೋಟವನ್ನು ತಿರುಗಿಸುವ ಕಲೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ನೀರಾವರಿ ನಕ್ಷೆಗಳಿಗೆ. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆ ಬೆಟ್ಟವನ್ನು ಸೀಳಿಕೊಂಡು ಹೋಗುವ ಇಕ್ಕಟ್ಟಿನಲ್ಲಿ ಕಟ್ಟಿದ ಅಣೆಕಟ್ಟಿನ ಉದ್ದ ಸುಮಾರು 155 ಮೀಟರ್ ಮಾತ್ರ. ಅದರ ಹಿಂದೆ ನಿಲ್ಲುವ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ, ಅಲ್ಲಿಂದ ಹೊರಡುವ ಬಲದಂಡೆ ಕಾಲುವೆ ನೂರು ಕಿಲೋಮೀಟರಿಗೂ ಉದ್ದ. ಇಂಥ ಕಾಲುವೆಯನ್ನು 1:2000 ಪ್ರಮಾಣದಲ್ಲಿ ಎ1 ಹಾಳೆಗಳಿಗೆ ಇಳಿಸುವಾಗ, ಅಂಚು ಬಿಟ್ಟು ಉಳಿಯುವ ಸುಮಾರು 750 ಮಿಲಿಮೀಟರಿನಲ್ಲಿ ಒಂದೂವರೆ ಕಿಲೋಮೀಟರ್ ಹಿಡಿಯುತ್ತದೆ. ನೂರು ಕಿಲೋಮೀಟರಿಗೆ 67 ಹಾಳೆ ಬೇಕು. ಕಾಲುವೆಯಾದರೋ ನೆಲದ ಏರಿಳಿತವನ್ನು ಅನುಸರಿಸಿ ಹಾವಿನಂತೆ ಹೊರಳುತ್ತದೆ, ಹಾಳೆಯಲ್ಲಿ ಮಾತ್ರ ಪ್ರತಿ ತುಂಡೂ ಎಡದಿಂದ ಬಲಕ್ಕೆ ಮಲಗಿರಬೇಕು. ಇಲ್ಲಿ ಗೆರೆಗಳನ್ನೇ ತಿರುಗಿಸಿದವನು ನಿರ್ದೇಶಾಂಕಗಳನ್ನು ಹಾಳುಗೆಡವುತ್ತಾನೆ. ಸ್ಥಳದಲ್ಲಿ ಗೂಟ ನೆಡಲು ಹೋದವರಿಗೆ ಆ ಅಂಕಿಗಳಿಂದ ಕಾಲುವೆ ಸಿಗುವುದಿಲ್ಲ. ಬಲ್ಲವನು ಬಳಕೆದಾರನ ಅಕ್ಷಗಳಾದ ಯುಸಿಎಸ್ಸನ್ನು ಕಾಲುವೆಯ ದಿಕ್ಕಿಗೆ ಹೊಂದಿಸಿ, 'ಪ್ಲಾನ್' ಆದೇಶದಿಂದ ನೋಟವನ್ನಷ್ಟೇ ಆ ಅಕ್ಷಗಳಿಗೆ ನೇರವಾಗಿಸುತ್ತಾನೆ, ಇಲ್ಲವೇ 'ಡಿವ್ಯೂ' ಆದೇಶದ 'ಟ್ವಿಸ್ಟ್' ಆಯ್ಕೆಯಿಂದ ಬೇಕಾದ ಕೋನಕ್ಕೆ ಹೊರಳಿಸುತ್ತಾನೆ. ನೆಲ ಇದ್ದಲ್ಲೇ ಇರುತ್ತದೆ, ನೋಡುವವನು ತಲೆ ಓರೆ ಮಾಡಿರುತ್ತಾನೆ. ಉತ್ತರದಿಕ್ಕಿನ ಗುರುತನ್ನು ಮಾಡೆಲ್ ಸ್ಪೇಸಿನಲ್ಲಿ ಇಟ್ಟಿದ್ದರೆ ಅದೂ ನೋಟದೊಡನೆ ತಾನಾಗಿ ತಿರುಗಿ ಪ್ರತಿ ಹಾಳೆಯಲ್ಲಿಯೂ ಸರಿಯಾದ ದಿಕ್ಕನ್ನೇ ತೋರುತ್ತದೆ.

ಮೂರು ಆಯಾಮದ ಮಾದರಿಗಳಲ್ಲಿ ತೆರೆಯ ಮೂಲೆಯ ವ್ಯೂಕ್ಯೂಬ್ ಎಂಬ ಘನದ ಮುಖಗಳನ್ನು ಒತ್ತಿ ಮೇಲಿನ, ಮುಂದಿನ, ಪಕ್ಕದ ನೋಟಗಳಿಗೆ ಹೋಗಬಹುದು, ಆರ್ಬಿಟ್ ಆದೇಶದಿಂದ ಕಟ್ಟಡದ ಸುತ್ತ ತಿರುಗಬಹುದು. ಇದರಲ್ಲಿ ಮರೆಯಬಾರದ ಮಾತು ಒಂದೇ: ಸಮಾಂತರ ಪ್ರಕ್ಷೇಪದ ನೋಟದಿಂದ ಅಳತೆ ತೆಗೆಯಬಹುದು, ಕಣ್ಣಿಗೆ ಸಹಜವಾಗಿ ಕಾಣುವ, ದೂರದ್ದನ್ನು ಚಿಕ್ಕದಾಗಿ ತೋರುವ ಪರ್ಸ್ಪೆಕ್ಟಿವ್ ನೋಟ ಪ್ರದರ್ಶನಕ್ಕೇ ಮೀಸಲು.

ಒಟ್ಟಿನಲ್ಲಿ ಕಾಗದ ತನ್ನ ಮಿತಿಯಿಂದಲೇ ಹೇರುತ್ತಿದ್ದ ಶಿಸ್ತನ್ನು ತೆರೆ ಹೇರುವುದಿಲ್ಲ. ಅದನ್ನು ನಕ್ಷೆಗಾರನೇ ಆರಿಸಿಕೊಳ್ಳಬೇಕು. ನಕ್ಷೆಯ ಗುಣವನ್ನು ತೂಗುವವರು ಗೆರೆಯ ನಿಖರತೆಯ ಜೊತೆಗೆ ಕಡತದ ನೋಟಪಟ್ಟಿಯನ್ನೂ ತೆರೆದು ನೋಡಬೇಕು. ಪಟ್ಟಿ ಬರಿದಾಗಿದ್ದರೆ ಆ ಕಡತವನ್ನು ಅರ್ಧ ಮುಗಿದ ಕೆಲಸವೆಂದೇ ಎಣಿಸಬೇಕು. ಜಮೀನು, ಗುಡಿ, ಕಾಲುವೆಗಳ ನಕ್ಷೆಗಳು ಬರೆದವರ ಸೇವಾವಧಿಗಿಂತ ಹೆಚ್ಚು ಕಾಲ ಬಾಳುವಂಥವು. ಆದ್ದರಿಂದ ಕಡತವನ್ನು ಹಸ್ತಾಂತರಿಸುವ ಮುನ್ನ ಎಕ್ಸ್‌ಟೆಂಟ್ಸ್ ಪರೀಕ್ಷೆ ಮಾಡಿ, ಮುಖ್ಯ ನೋಟಗಳಿಗೆ ಅರ್ಥವಾಗುವ ಕನ್ನಡದ ಹೆಸರಿಟ್ಟು, ಎಲ್ಲ ವ್ಯೂಪೋರ್ಟುಗಳಿಗೆ ಬೀಗ ಹಾಕಿ ಉಳಿಸುವುದನ್ನು ಕೆಲಸದ ಕರಾರಿನಲ್ಲಿಯೇ ಬರೆಯಿಸುವುದು ಒಳಿತು. ಇದಕ್ಕೆ ತಗಲುವ ಸಮಯ ಕೆಲವು ನಿಮಿಷಗಳು; ಇದಿಲ್ಲದೆ ಮುಂದಿನವನು ಕಳೆಯುವ ಸಮಯ ಅದರ ಹಲವು ಪಟ್ಟು.